ರೆಪ್ಪಿಯ ಗಂಜಿ

ಹಾಸಿನ ಎಳಿಗೆ ಗಂಜಿ ಕುಂತಂಗ
ಕಣ್ಣರೆಪ್ಪಿ ಕೂದಲಿನ ಬುಡಕ್ಕ ಏನೋ ಬೆಳ್ಳಗ ಕುಂತಿತ್ತು.
ಕನ್ನಡಿ ಹಿಡದ ನೋಡಿದ್ರ
ಒಂದೊಂದ ಕೂದಲಿಗೂ ಒಂದೊಂದ ಕೊರಳಪಟ್ಟಿ.
ಗುಳೇದಗುಡ್ಡದಾಗ ಮೂವತ್ತ ವರ್ಷ ಖಣ ನೇಯ್ದಾಕಿ,
ಗಂಜಿ ಕಂಡ್ರ ಗುರುತ ಹಿಡಿತೀನಿ.
ಇದು ನಾ ಹಚ್ಚಿದ್ದಲ್ಲ.

ಮುಂಜಾನಿ ಕಣ್ಣ ತಗಿಯಾಕ ಬೆರಳ ಬೇಕು.
ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟ ಕುಂತ್ರ
ಖಣದ ಚಿಕ್ಕಿ ಎರಡೆರಡ ಕಾಣತಾವ,
ಕಡದ ಎಳಿ ಹುಡುಕಾಕ ಹೊತ್ತ ಹಿಡಿತೈತಿ.
ತುರಿಕಿ ಮಾತ್ರ ರಾತ್ರಿ. ದೀಪ ಆರಿಸಿದ ಮ್ಯಾಲ
ಯಾರೋ ಬರಿಗಾಲಿಲೆ ರೆಪ್ಪಿ ಮ್ಯಾಲ ನಡದಂಗ.
"ಏನಿಲ್ಲ ತಗಿ, ನಿನ್ನ ಭ್ರಮಾ," ಅಂದ ಮಾಗುಂಡಪ್ಪ
ಆ ಮಗ್ಗಲಾ ಹೊಳ್ಳಿದ. ಗೊರಕಿ ಹೊಡದ.

ಔಡಲೆಣ್ಣಿ ಹಚ್ಚಿದೆ. ಬೇವಿನ ತಪ್ಪಲ ಕುದಿಸಿ ತೊಳದೆ.
ಓಣ್ಯಾಗಿನ ಪಾರಕ್ಕ ಲಿಂಬಿಹಣ್ಣ ಅಂದ್ಲು, ಅದೂ ಆತು,
ಎರಡ ದಿನ ಮಗ್ಗದ ಹತ್ರ ಹಾಯಲಿಲ್ಲ.
ದಿಂಬ ಸುಟ್ಟೆ. ಹೌದು, ಹಿತ್ತಲದಾಗ ಸುಟ್ಟೆ.
ಹತ್ತಿಯ ಹೊಗಿ ಮತ್ತ ಕಣ್ಣಿಗೇ ಬಂತು.

ನವನಗರದ ಡಾಕ್ಟರಬಾಯಿ
ಚಿಮಟಿಗಿಲೆ ನಾಕ ಕೂದಲ ಕಿತ್ತು
ಗಾಜಿನ ಮ್ಯಾಲಿಟ್ಟು, "ಬರ್ರಿ, ನೀವೇ ನೋಡ್ರಿ," ಅಂದ್ಲು.
ನೋಡಿದೆ.
ಕೂದಲಿಗೆ ತೆಕ್ಕಿಬಿದ್ದಾವ,
ಉದ್ದಕ ಬಾಲ, ಮುಂದ ಎಂಟ ಮೋಟುಗಾಲ,
ಮೆಲ್ಲಕ ಆಡಸಾಕತ್ತಿದ್ವು.
ಎಣಿಸಿದ್ಲು: ಹದಿನೇಳ.
ಹೇಸಿಗಿ ಆಗಬೇಕಿತ್ತು ನನಗ. ಆಗಲಿಲ್ಲ.
ಭ್ರಮಾಕ್ಕ ಎಂಟ ಕಾಲ ಇರೂದಿಲ್ಲಲ್ಲ!
ಗಂಡನ್ನ ಒಳಗ ಕರದು
ಅದರ ಮುಂದ ಬಗ್ಗಿಸಿ ನಿಲ್ಲಿಸಿದೆ.

"ಎಲ್ಲಾರ ಮಾರಿ ಮ್ಯಾಲೂ ಇರತಾವ್ರಿ,
ಲೆಕ್ಕ ಮೀರಿದ್ರ ಕಾಡತಾವ. ಹೊಲಸಿಂದ ಬಂದದ್ದಲ್ಲ.
ಕೂಸಿದ್ದಾಗ ಅವ್ವನ ಗಲ್ಲಕ್ಕ ಗಲ್ಲ ಹಚ್ಚಿರತೀರಿ ನೋಡ್ರಿ,
ಅಲ್ಲಿಂದ ಬಂದಿರತಾವ."

ಅವ್ವ.
ರಾಟಿ ಮುಂದ ಕುಂತು ಕಂಡಿಕಿ ಸುತ್ತಕೋತ
ಸೆರಗಿಲೆ ಕಣ್ಣ ಒರಸಕೋತಿದ್ಲು, ದಿನಾ.
ಮಂದಿ ಅಂತಿದ್ರು, ಸತ್ತ ಗಂಡನ ನೆನಪು.
ನಾವು ಅಂತಿದ್ವಿ, ಒಲಿ ಹೊಗಿ.
ಆಕಿ ಅಂತಿದ್ಲು, ತುರಸ್ತೈತಿ.
ಅದನ್ನ ಯಾರೂ ಕೇಳಲಿಲ್ಲ.

ಈಗ ಸಂಜಿಗೆ ಬಿಸಿನೀರಾಗ ಅರಬಿ ಅದ್ದಿ, ಹಿಂಡಿ,
ಮುಚ್ಚಿದ ಕಣ್ಣ ಮ್ಯಾಲ ಹತ್ತ ಮಿನಿಟ.
ಆರಿದ್ರ ಮತ್ತ ಅದ್ದೂದು.
ಆಮ್ಯಾಲ ಡಾಕ್ಟರಬಾಯಿ ಕೊಟ್ಟ ತೊಯ್ದ ವಸ್ತ್ರ,
ಕರ್ಪೂರದಂಥ ವಾಸನಿ, ಯಾವದೋ ಪರದೇಶಿ ಗಿಡದ್ದು,
ಬುಡದಿಂದ ತುದಿಗೆ, ಬುಡದಿಂದ ತುದಿಗೆ,
ಹಾಸಿನ ಮ್ಯಾಲ ಕುಂಚ ಎಳದಂಗ.
ದಿಂಬಿನ ಚೀಲಾ ಕುದಿಯೂ ನೀರಾಗ.
ಕಾಡಿಗಿ ಡಬ್ಬಿ ತಿಪ್ಪಿಗೆ.
ಮಗಳು ಸುಗಲಾ ಗ್ವಾಡಿಗೆ ಎರಡ ಮೊಳಿ ಹೊಡದು
"ಇದು ನಿನ್ನ ಟವೆಲ್, ಇದು ನಂದು," ಅಂತ
ನಡುವ ಸೀಮಾ ಹಾಕ್ಯಾಳ.

ಗುಳಿಗಿ ಹೆಸರ ಕೇಳಿ ಕುರಿಕಾಯೂ ಲಗಮಣ್ಣ ನಕ್ಕ:
"ಇದನ್ನ ನಮ್ಮ ಕುರಿಗೂ ಹಾಕಸ್ತೀವಲ್ಲ, ಯಕ್ಕಾ!"
"ಹೌದಪ್ಪಾ," ಅಂದೆ, "ನಾನೂ ಒಂದ ಹಿಂಡ ಸಾಕೀನಿ."

ಮೊದಲಿನ ವಾರ ಇನ್ನೂ ಹೆಚ್ಚಾತು.
ಬಿಡಬೇಕಂದೆ. ಬಿಡಲಿಲ್ಲ.
ಒಂದಿನ ಎದ್ದಾಗ ಕಣ್ಣು ತಾವs ತೆರದಿದ್ವು,
ಬಾಗಲದ ಸಂದಿಯ ಬೆಳಕು ಒಂದೇ ಇತ್ತು, ಎರಡಲ್ಲ.

ಮೂರ ತಿಂಗಳ ಮ್ಯಾಲ ಮತ್ತ ನಾಕ ಕೂದಲ.
"ಎರಡs ಅದಾವ," ಅಂದ್ಲು.
"ಪೂರಾ ಹೋಗೂದಿಲ್ಲೇನ್ರಿ?"
"ಇಲ್ರಿ. ತೊಳ್ಕೋತ ಇರಬೇಕು."
ಬಸ್ಸಿನ್ಯಾಗ ಬರೂಮುಂದ ಸಿಟ್ಟ ಬಂತು, ಸುಳ್ಳ ಯಾಕ ಹೇಳಲಿ.

ಮರುದಿನ ಕುಣಿಗೆ ಇಳದೆ.
ಹಣಗ್ಯಾಗ ಎರಡ ಎಳಿ ಕಡದಿದ್ವು.
ಬೂದಿ ಹಚ್ಚಿದ ಬೆರಳಿಲೆ ಹೊಸದು ಕೂಡಿಸಿದೆ.
ಅದೇ ಬೆರಳು, ರೂಢಿ ಬಿದ್ದದ್ದು, ಕಣ್ಣಿನ ಕಡೆ ಹೊಂಟಿತ್ತು.
ಅರ್ಧಕ್ಕ ನೆನಪಾತು.
ಇಳಿಸಿ, ಲಾಳಿ ಹಿಡದೆ.